ಸ್ಟೇಷನ್ ಆ ದಡದಲ್ಲಿ, ಊರು ಈ ದಡದಲ್ಲಿ



ರೈಲಿನಿಂದ ಇಳಿದ ಮೇಲೆ ಊರಿಗೆ ಹೋಗಲು ನಾವು ಬಸ್ಸೋ ಆಟೋವೋ ಹುಡುಕುತ್ತೇವೆ, ಅಲ್ವಾ? ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬ ಪುಟ್ಟ ಊರಿನ ಸ್ಟೇಷನ್‌ನಲ್ಲಿ ಇಳಿದವರು ದೋಣಿ ಹತ್ತುತ್ತಾರೆ. ಸ್ಟೇಷನ್ ಇರುವುದು ಸರೋವರದ ಪೂರ್ವ ದಡದಲ್ಲಿ, ಊರು ಪಶ್ಚಿಮ ದಡದಲ್ಲಿ. ಯಾಕೆ ಹೀಗೆ? ಉತ್ತರ ನೆಲದ ರಚನೆಯಲ್ಲೇ ಇದೆ.

ನೆಲ ಹೇಗಿದೆ?

ಹಾಲ್‌ಸ್ಟಾಟ್ ಆಲ್ಪ್ಸ್ ಪರ್ವತಗಳ ನಡುವೆ ಇದೆ. ಹಿಮಯುಗದಲ್ಲಿ ಹಿಮನದಿ ಕಣಿವೆಯನ್ನು ಆಳವಾಗಿ ಕೊರೆಯಿತು. ಹಿಮ ಕರಗಿದ ಮೇಲೆ ಅಲ್ಲಿ ನೀರು ನಿಂತು ಸರೋವರವಾಯಿತು. ಸುಮಾರು 6 ಕಿ.ಮೀ. ಉದ್ದದ ಈ ಸರೋವರ ಸಮುದ್ರಮಟ್ಟದಿಂದ 508 ಮೀ. ಎತ್ತರದಲ್ಲಿದೆ. ಅತಿ ಹೆಚ್ಚಿನ ಆಳ 125 ಮೀ. ಟ್ರೌನ್ ನದಿ ಇದರ ಮೂಲಕ ಹರಿದು ಮುಂದೆ ಡ್ಯಾನ್ಯೂಬ್ ನದಿಯನ್ನು ಸೇರುತ್ತದೆ. ಊರಿನ ಹಿಂದೆ ಗೋಡೆಯಂಥ ಬೆಟ್ಟ, ಮುಂದೆ ನೀರು. ನಡುವಿನ ಸಣ್ಣ ಪಟ್ಟಿಯಲ್ಲಿ ಮನೆಗಳು ಒಂದರ ಮೇಲೊಂದು ಕುಳಿತಂತೆ ಕಾಣುತ್ತವೆ.

ಅಂಥ ಜಾಗದಲ್ಲಿ ಜನ ನೆಲೆಸಿದ್ದು ಯಾಕೆ? ಉಪ್ಪಿಗಾಗಿ! ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರದ ನೀರು ಆವಿಯಾಗಿ ಉಳಿದ ಉಪ್ಪು ಬೆಟ್ಟದೊಳಗಿದೆ. ಮೂರು ಸಾವಿರ ವರ್ಷಗಳಿಗೂ ಹಿಂದಿನಿಂದ ಅದನ್ನು ಅಗೆಯುತ್ತಿದ್ದಾರೆ.

ಮರದ ಕೊಳವೆಯ ದಾರಿ

ಮುಂದೆ ಜನ ಇನ್ನೊಂದು ಉಪಾಯ ಕಂಡುಕೊಂಡರು. ಗಣಿಯೊಳಗೆ ನೀರು ಬಿಟ್ಟು ಉಪ್ಪನ್ನು ಕರಗಿಸಿ, ಆ ಉಪ್ಪುನೀರನ್ನು ಕುದಿಸಿದರು. 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಅದನ್ನು ಮರಳಿ ಪಡೆಯಲು ಅಷ್ಟೂ ನೀರನ್ನು ಆವಿ ಮಾಡಬೇಕು. ಅದಕ್ಕೆ ಎಷ್ಟು ಸೌದೆ ಬೇಕು, ಯೋಚಿಸಿ! ಸುತ್ತಲಿನ ಕಾಡಿನ ಸೌದೆ ಸಾಲದಾಯಿತು.

ಸೌದೆಯನ್ನು ಇಲ್ಲಿಗೆ ಹೊತ್ತು ತರುವ ಬದಲು, ಉಪ್ಪುನೀರನ್ನೇ ಸೌದೆ ಇರುವಲ್ಲಿಗೆ ಹರಿಸಿದರೆ? 1595ರಲ್ಲಿ ಕೆಲಸ ಶುರುವಾಗಿ 1607ರಲ್ಲಿ ಮುಗಿಯಿತು. ಸುಮಾರು 13,000 ಮರದ ದಿಮ್ಮಿಗಳನ್ನು ಟೊಳ್ಳು ಮಾಡಿ ಜೋಡಿಸಿ, ಸುಮಾರು 40 ಕಿ.ಮೀ. ದೂರದ ಎಬೆನ್‌ಸೀ ಊರಿನವರೆಗೆ ಕೊಳವೆ ಹಾಕಿದರು. ಪಂಪ್ ಇರಲಿಲ್ಲ, ಕರೆಂಟ್ ಇರಲಿಲ್ಲ. ಗುರುತ್ವಾಕರ್ಷಣೆಯೇ ಸಾಕಾಯಿತು. ಸುರಂಗದ ನೀರನ್ನು ಅಡಕೆ ಮರದ ದಂಬೆಯಲ್ಲಿ ತೋಟಕ್ಕೆ ಹರಿಸುವ ನಮ್ಮ ಹಿರಿಯರ ವಿಧಾನವೂ ಇದೇ ತತ್ತ್ವದ್ದು.

ರೈಲು, ರಸ್ತೆ

1877ರಲ್ಲಿ ರೈಲು ಬಂತು. ಊರಿನ ದಡದಲ್ಲಿ ಹಳಿ ಹಾಸಲು ಸಮತಟ್ಟು ಜಾಗ ಎಲ್ಲಿದೆ? ಆದ್ದರಿಂದ ಹಳಿ ಎದುರು ದಡದಲ್ಲಿ ಹೋಯಿತು. ಇಂದಿಗೂ ರೈಲಿನ ವೇಳೆಗೆ ಹೊಂದಿಸಿ ದೋಣಿ ಓಡುತ್ತದೆ. ಬಂಡೆ ಸಿಡಿಸಿ ರಸ್ತೆ ಮಾಡಿದ್ದು 1890ರಲ್ಲಿ. ಅದಕ್ಕೂ ಮೊದಲು ದೋಣಿ ಅಥವಾ ಕಾಲುದಾರಿಯೇ ಗತಿ. ಈಗಿನ ದೊಡ್ಡ ರಸ್ತೆ ಊರನ್ನು ಬಿಟ್ಟು ಬೆಟ್ಟದೊಳಗಿನ ಸುರಂಗದಲ್ಲಿ ಸಾಗುತ್ತದೆ.

ದಾರಿ ಸುಲಭವಾದಾಗ

1997ರಲ್ಲಿ ಈ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಊರಿನ ಜನಸಂಖ್ಯೆ 800ಕ್ಕೂ ಕಡಿಮೆ. ಬೇಸಿಗೆಯ ಕೆಲವು ದಿನ ಬರುವ ಪ್ರವಾಸಿಗರು 10,000ದಷ್ಟು! ಪ್ರವಾಸಿಗರಿಂದ ದುಡಿಮೆ ಇದೆ, ನಿಜ. ಆದರೆ ಮನೆಯವರೇ ತಮ್ಮ ಬೀದಿಯಲ್ಲಿ ನಡೆಯಲು ಕಷ್ಟಪಡಬೇಕಾದರೆ? 2020ರಿಂದ ಪ್ರವಾಸಿ ಬಸ್ಸುಗಳು ಮುಂಚಿತವಾಗಿ ಸಮಯ ಕಾದಿರಿಸಬೇಕು. 2023ರಲ್ಲಿ ಊರಿನವರು ರಸ್ತೆ ತಡೆದು ಪ್ರತಿಭಟಿಸಿದರು. ದಾರಿಯಿಲ್ಲದೆ ಕಷ್ಟಪಟ್ಟ ಊರಿಗೆ ಈಗ ದಾರಿಯೇ ಚಿಂತೆ. ರಸ್ತೆ ಬೇಡ ಎನ್ನಲಾಗದು. ಆದರೆ ಎಷ್ಟು ಜನ, ಎಷ್ಟು ವಾಹನ ಎಂಬ ಲೆಕ್ಕವೂ ಬೇಕು.

ಮಾಡಿ ನೋಡಿ

1. ಎಬೆನ್‌ಸೀ ಇರುವ ಸರೋವರದ ಮಟ್ಟ 423 ಮೀ. ಎರಡು ಸರೋವರಗಳ ಮಟ್ಟದ ವ್ಯತ್ಯಾಸವನ್ನು 40 ಕಿ.ಮೀ.ಗೆ ಹಂಚಿದರೆ ಪ್ರತಿ ಕಿ.ಮೀ.ಗೆ ಎಷ್ಟು ಇಳಿಜಾರು? (ಸುಮಾರು 2 ಮೀ. ಬಂತೇ?)

2. ಮರದ ಬದಲು ಕಬ್ಬಿಣದ ಕೊಳವೆ ಹಾಕಿದ್ದರೆ ಏನಾಗುತ್ತಿತ್ತು? ಒಂದು ಮೊಳೆಯನ್ನು ಉಪ್ಪುನೀರಿನಲ್ಲಿ, ಇನ್ನೊಂದನ್ನು ಬಾವಿನೀರಿನಲ್ಲಿ ಅರ್ಧ ಮುಳುಗಿಸಿ ಒಂದು ವಾರ ಗಮನಿಸಿ.

3. ನಿಮ್ಮ ಊರಿನ ನಕ್ಷೆ ಬರೆಯಿರಿ. ಹೊಳೆ, ಗುಡ್ಡ, ಗದ್ದೆ, ರಸ್ತೆ ಗುರುತಿಸಿ. ರಸ್ತೆ ಎಲ್ಲಿ ಬಳಸಿಕೊಂಡು ಹೋಗುತ್ತದೆ, ಯಾಕೆ? ಸೇತುವೆ ಬರುವ ಮೊದಲು ಹೇಗೆ ದಾಟುತ್ತಿದ್ದಿರಿ ಎಂದು ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ. ಆ ಉತ್ತರ ಯಾವ ಪಾಠಪುಸ್ತಕದಲ್ಲೂ ಸಿಗದು.