ದೋಣಿಯ ಎಂಜಿನ್ ಹೊಗೆಯುಗುಳಿದರೆ: ಅಂದಾಜು ಪಟ್ಟಿಗೆ ಮುನ್ನ ವಿಚಾರಿಸಬೇಕಾದುದು

ಪ್ರವಾಹ ಬಂದಾಗ ಕೃಷ್ಣಾ ನದಿಯ ನಡುಗಡ್ಡೆಗಳ ಜನರನ್ನು ದಡ ಸೇರಿಸಲು ಯಂತ್ರದ ದೋಣಿ ಬೇಕು. ತಿಂಗಳುಗಟ್ಟಲೆ ನಿಂತಿದ್ದ ಎಂಜಿನ್ ಅದೇ ದಿನ ದಟ್ಟ ಹೊಗೆಯುಗುಳಿ, ಸೆಳವಿಗೆದುರಾಗಿ ಸಾಗದಿರುವುದುಂಟು. ಎಂಜಿನ್ ಬಿಚ್ಚಿಸುವ ಅಂದಾಜು ಪಟ್ಟಿಯನ್ನು ಅನುಮೋದಿಸುವ ಮೊದಲು ಸದಸ್ಯರು ಕೆಲವು ಸಂಗತಿಗಳನ್ನು ವಿಚಾರಿಸುವುದು ಉಚಿತ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಪೆಟ್ರೋಲಿನೊಡನೆಯೇ ಉರಿಯುವುದರಿಂದ ಆರಂಭದಲ್ಲಿ ತುಸು ನೀಲಿ ಹೊಗೆ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲ ಸಂಶಯ ಮಿಶ್ರಣದ ಮೇಲೆ. ಕೈಪಿಡಿಯಲ್ಲಿ 50:1 ಎಂದಿದ್ದರೆ 10 ಲೀಟರ್ ಪೆಟ್ರೋಲಿಗೆ 200 ಮಿಲಿ ಆಯಿಲ್. ‘ಇರಲಿ’ ಎಂದು ಹೆಚ್ಚು ಸುರಿದರೆ ಪ್ಲಗ್ ಮಸಿಗಟ್ಟುತ್ತದೆ. ಕಡಿಮೆಯಾದರೆ ಪಿಸ್ಟನ್ನೇ ಕಚ್ಚಿಕೊಳ್ಳುತ್ತದೆ, ನಷ್ಟ ದೊಡ್ಡದು. ಕಳೆದ ವರ್ಷ ಉಳಿದ ಪೆಟ್ರೋಲನ್ನು ಬಳಸಲೇಬಾರದು.

ಎರಡು ಸಿಲಿಂಡರಿನ ಎಂಜಿನ್‌ನಲ್ಲಿ ಹೊಗೆಯೂ ನಿಶ್ಶಕ್ತಿಯೂ ಒಟ್ಟಿಗೆ ಕಂಡರೆ, ಒಂದು ಸಿಲಿಂಡರ್ ಉರಿಯುತ್ತಿಲ್ಲವೇ ಎಂದು ನೋಡಬೇಕು. ಎಂಜಿನ್ ನಿಲ್ಲಿಸಿ ಪ್ಲಗ್‌ಗಳನ್ನು ಕಳಚಿ ಹೋಲಿಸಿದರೆ, ಸಾಮಾನ್ಯವಾಗಿ ಕಪ್ಪಾಗಿ ಒದ್ದೆಯಾಗಿರುವುದೇ ಕೆಲಸ ಮಾಡದ ಬದಿಯದು. ಹೊಸ ಪ್ಲಗ್ ಹಾಕಿದರೂ ಸರಿಹೋಗದಿದ್ದರೆ ಕಾಯಿಲ್ ಮತ್ತು ತಂತಿ, ಅನಂತರ ಕಂಪ್ರೆಷನ್ ಪರೀಕ್ಷೆ. ಅದರ ಅಳತೆ ತಗ್ಗಿದ್ದರೆ ಅಥವಾ ಎರಡರ ನಡುವೆ ಬಹಳ ಅಂತರವಿದ್ದರೆ ಆಗ ಬಿಚ್ಚುವ ಮಾತು.

ಈ ಪರೀಕ್ಷೆಗಳನ್ನು ಮೇ ತಿಂಗಳಲ್ಲೇ ಮುಗಿಸಬೇಕು. ಎಂಜಿನ್ನಿನ ಕೆಳಭಾಗ ನೀರಿನಲ್ಲಿ ಮುಳುಗಿರದೆ ಚಾಲೂ ಮಾಡಕೂಡದು. ತಂಪುನೀರಿನ ಧಾರೆ ಹೊರಬರದಿದ್ದರೆ ಕೂಡಲೇ ನಿಲ್ಲಿಸತಕ್ಕದ್ದು.