ಋತುಬಂಧದ ನಂತರ ಮರುಕಳಿಸುವ ಉರಿಮೂತ್ರ: ಕಾರಣ ಮತ್ತು ನಿವಾರಣೆ

ಮುಟ್ಟು ನಿಂತ ಕೆಲವು ವರ್ಷಗಳಲ್ಲಿ ಅನೇಕ ಮಹಿಳೆಯರಿಗೆ ಹೊಸದೊಂದು ಬಾಧೆ ಆರಂಭವಾಗುತ್ತದೆ. ಮೂತ್ರ ವಿಸರ್ಜಿಸುವಾಗ ಉರಿ, ಪದೇ ಪದೇ ಅವಸರ, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆಯಲ್ಲಿ ನೋವು. ಮಾತ್ರೆ ತೆಗೆದುಕೊಂಡರೆ ಶಮನವಾಗುತ್ತದೆ. ಒಂದೆರಡು ತಿಂಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಇದನ್ನು 'ಉಷ್ಣ' ಎಂದು ಕರೆದು ಎಳನೀರು, ಜೀರಿಗೆ ಕಷಾಯ ಕುಡಿಸುವುದು ರೂಢಿ. ತಮ್ಮ ಶುಚಿತ್ವದಲ್ಲೇ ಲೋಪವಿದೆಯೆಂದು ಭಾವಿಸಿ ನಾಚಿಕೆಯಿಂದ ಯಾರಿಗೂ ಹೇಳದೆ ಸಹಿಸುವವರೂ ಉಂಟು. ಇದು ಉಷ್ಣವಲ್ಲ, ಬಹುಪಾಲು ಮಹಿಳೆಯರಲ್ಲಿ ಅಶುಚಿತ್ವದ ಫಲವೂ ಅಲ್ಲ. ಋತುಬಂಧದಿಂದ ದೇಹದಲ್ಲಿ ಉಂಟಾಗುವ ಬದಲಾವಣೆಯೇ ಇದರ ಒಂದು ಮುಖ್ಯ ಕಾರಣ. ಆ ಕಾರಣಕ್ಕೆ ಚಿಕಿತ್ಸೆಯೂ ಇದೆ.

ಮರುಕಳಿಸುವ ಸೋಂಕು ಎಂದರೇನು?

6 ತಿಂಗಳಲ್ಲಿ 2 ಬಾರಿ ಅಥವಾ ಒಂದು ವರ್ಷದಲ್ಲಿ 3 ಬಾರಿ ಮೂತ್ರದ ಸೋಂಕು ಉಂಟಾದರೆ ವೈದ್ಯರು ಅದನ್ನು 'ಮರುಕಳಿಸುವ ಸೋಂಕು' ಎಂದು ಪರಿಗಣಿಸುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯ. ಇದು ಎಲ್ಲರ ಕರುಳಿನಲ್ಲಿಯೂ ವಾಸಿಸುತ್ತದೆ. ಸ್ತ್ರೀಯರಲ್ಲಿ ಮೂತ್ರಕೋಶದಿಂದ ಹೊರಬರುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ; ಅದರ ದ್ವಾರವು ಗುದದ್ವಾರಕ್ಕೆ ಸಮೀಪದಲ್ಲಿದೆ. ಆದ್ದರಿಂದ ಬ್ಯಾಕ್ಟೀರಿಯಗಳು ಮೂತ್ರಕೋಶವನ್ನು ಸುಲಭವಾಗಿ ತಲುಪಬಲ್ಲವು.

ಋತುಬಂಧದಿಂದ ಆಗುವ ಬದಲಾವಣೆ

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಆ ವೇಳೆಗೆ ಅಂಡಾಶಯಗಳು ಉತ್ಪಾದಿಸುವ ಈಸ್ಟ್ರೋಜನ್ ಹಾರ್ಮೋನಿನ ಪ್ರಮಾಣ ಬಹಳ ಇಳಿದಿರುತ್ತದೆ. ಈ ಹಾರ್ಮೋನು ಇರುವವರೆಗೆ ಯೋನಿಯ ಒಳಪದರವು ದಪ್ಪವಾಗಿದ್ದು, ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಹಿತಕರ ಬ್ಯಾಕ್ಟೀರಿಯಗಳು ನೆಲೆಸಿರುತ್ತವೆ. ಅವು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಿ, ರೋಗಕಾರಕ ಬ್ಯಾಕ್ಟೀರಿಯಗಳು ಬೆಳೆಯದಂತೆ ತಡೆಯುತ್ತವೆ. ಹಾಲು ಹೆಪ್ಪುಗಟ್ಟುವುದೂ ಇದೇ ವರ್ಗದ ಬ್ಯಾಕ್ಟೀರಿಯಗಳಿಂದಲೇ.

ಈಸ್ಟ್ರೋಜನ್ ಇಳಿದಾಗ ಈ ಪದರವು ತೆಳುವಾಗಿ ಒಣಗುತ್ತದೆ, ಹಿತಕರ ಬ್ಯಾಕ್ಟೀರಿಯಗಳು ಕಡಿಮೆಯಾಗುತ್ತವೆ, ಆಮ್ಲೀಯತೆ ತಗ್ಗುತ್ತದೆ. ಕಾವಲು ಸಡಿಲಗೊಂಡ ಈ ಸ್ಥಳದಲ್ಲಿ ಇ. ಕೋಲಿ ನೆಲೆಯೂರಿ ಮೂತ್ರಕೋಶದತ್ತ ಸಾಗುತ್ತದೆ. ಇದಲ್ಲದೆ ಮಧುಮೇಹ, ಮೂತ್ರಪಿಂಡದ ಕಲ್ಲು, ಗರ್ಭಕೋಶ ಜಾರಿರುವುದು, ಮೂತ್ರ ಪೂರ್ಣವಾಗಿ ಖಾಲಿಯಾಗದಿರುವುದು, ಇವೂ ಸೋಂಕು ಮರುಕಳಿಸಲು ಕಾರಣವಾಗಬಹುದು. ಆದುದರಿಂದ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ವೈದ್ಯರು ಸೂಚಿಸಿದರೆ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡಿಸಬೇಕು.

ಪರೀಕ್ಷೆ ಮೊದಲು, ಮಾತ್ರೆ ನಂತರ

ಉರಿಯೆಲ್ಲವೂ ಸೋಂಕಲ್ಲ. ಯೋನಿಯ ಶುಷ್ಕತೆಯಿಂದಲೂ ಉರಿಯಾಗಬಹುದು. ಅದಕ್ಕೆ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ಆದ್ದರಿಂದ ಸೋಂಕು ಮರುಕಳಿಸುತ್ತಿರುವವರು ಪ್ರತಿ ಬಾರಿಯೂ ಮಾತ್ರೆ ಆರಂಭಿಸುವ ಮುನ್ನ ಮೂತ್ರದ ಕಲ್ಚರ್ ಪರೀಕ್ಷೆಗೆ ಮಾದರಿ ಕೊಡಬೇಕು. ಯಾವ ಬ್ಯಾಕ್ಟೀರಿಯ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಆರಂಭದ ಮೂತ್ರವನ್ನು ಬಿಟ್ಟು ನಡುವಿನ ಮೂತ್ರವನ್ನು ಪ್ರಯೋಗಾಲಯದವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿದು, ತಡಮಾಡದೆ ತಲುಪಿಸಬೇಕು. ಯಾವ ತೊಂದರೆಯೂ ಇಲ್ಲದಿದ್ದು ಪರೀಕ್ಷೆಯಲ್ಲಿ ಮಾತ್ರ ಬ್ಯಾಕ್ಟೀರಿಯ ಕಂಡುಬಂದರೆ ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಔಷಧ ಬೇಕಾಗುವುದಿಲ್ಲ.

ಹಿಂದಿನ ಚೀಟಿಯನ್ನು ತೋರಿಸಿ ಅಂಗಡಿಯಿಂದ ಅದೇ ಮಾತ್ರೆ ತರುವುದು, ನೆರೆಯವರಿಗೆ ಗುಣವಾದ ಮಾತ್ರೆಯನ್ನು ತಾವೂ ನುಂಗುವುದು, ಉರಿ ತಗ್ಗಿದೊಡನೆ ಮಧ್ಯದಲ್ಲೇ ನಿಲ್ಲಿಸುವುದು, ಈ ಮೂರೂ ಹಾನಿಕರ. ಸಿಪ್ರೊಫ್ಲಾಕ್ಸಸಿನ್‌ನಂತಹ ಔಷಧಗಳಿಗೆ ನಮ್ಮ ದೇಶದ ಇ. ಕೋಲಿ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಪ್ರತಿರೋಧ ಬೆಳೆಸಿಕೊಂಡಿವೆ. ಇಂದು ತಪ್ಪಾಗಿ ಬಳಸಿದ ಔಷಧ ನಾಳೆ ನಿಜವಾಗಿ ಬೇಕಾದಾಗ ಕೆಲಸಕ್ಕೆ ಬಾರದೆ ಹೋಗಬಹುದು. ವೈದ್ಯರ ಸಲಹೆಯಿಲ್ಲದೆ ಬಳಸಬಾರದ ಇಂತಹ ಔಷಧಗಳ ಪಟ್ಟಿಯ ಮೇಲಿರುವ ಕೆಂಪು ಗೆರೆಯನ್ನು ಗುರುತಿಸುವಂತೆ ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಪ್ರಚಾರ ಕೈಗೊಂಡಿತು.

ಮೂಲಕ್ಕೆ ಚಿಕಿತ್ಸೆ

ಕಳೆದುಹೋದ ಕಾವಲನ್ನು ಮತ್ತೆ ಒದಗಿಸಲು ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಅಥವಾ ಒಳಗಿಡುವ ಮಾತ್ರೆ ನೆರವಾಗುತ್ತದೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಋತುಬಂಧವಾದ 93 ಮಹಿಳೆಯರು ಪಾಲ್ಗೊಂಡಿದ್ದರು. ಇಂತಹ ಕ್ರೀಮ್ ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಬಾರಿ ಸೋಂಕು ಉಂಟಾದರೆ, ಔಷಧವಿಲ್ಲದ ಕ್ರೀಮ್ ಬಳಸಿದವರಿಗೆ 5.9 ಬಾರಿ ಉಂಟಾಯಿತು. ಸಾಮಾನ್ಯವಾಗಿ ಮೊದಲ ಎರಡು ವಾರ ಪ್ರತಿರಾತ್ರಿ, ಅನಂತರ ವಾರಕ್ಕೆ ಎರಡು ಬಾರಿ ಇದನ್ನು ಬಳಸಲು ಹೇಳುತ್ತಾರೆ. ಗುಣ ತಿಳಿಯಲು ಕೆಲವು ವಾರಗಳು ಬೇಕು, ಮಧ್ಯದಲ್ಲಿ ನಿರಾಶರಾಗಬಾರದು. ರಕ್ತಕ್ಕೆ ಸೇರುವ ಹಾರ್ಮೋನಿನ ಪ್ರಮಾಣ ಅತ್ಯಲ್ಪ. ಬಾಯಿಯ ಮೂಲಕ ಸೇವಿಸುವ ಹಾರ್ಮೋನ್ ಮಾತ್ರೆಗಳಿಂದ ಈ ಪ್ರಯೋಜನ ದೊರೆಯುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ನೀರು ಮತ್ತು ದಿನಚರಿ

ಮುಂಬಯಿ, ದೆಹಲಿಯಂತಹ ನಗರಗಳಲ್ಲಿ ದೂರದ ಪ್ರಯಾಣ ಮಾಡುವ ಮಹಿಳೆಯರು ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯದಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಗಂಟೆಗಟ್ಟಲೆ ಮೂತ್ರವನ್ನು ತಡೆದುಕೊಳ್ಳುತ್ತಾರೆ. ಇದರಿಂದ ಬ್ಯಾಕ್ಟೀರಿಯಗಳಿಗೆ ಮೂತ್ರಕೋಶದಲ್ಲಿ ಬೆಳೆಯಲು ಕಾಲಾವಕಾಶ ದೊರೆಯುತ್ತದೆ. ಮನೆಯಿಂದ ಹೊರಡುವ ಮುನ್ನ ಮತ್ತು ತಲುಪಿದೊಡನೆ ಮೂತ್ರ ವಿಸರ್ಜಿಸುವುದು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುವುದು ಉತ್ತಮ. ಎಳನೀರು, ಬಾರ್ಲಿ ನೀರು, ಮಜ್ಜಿಗೆಗಳೂ ದ್ರವಾಹಾರವಾಗಿ ಒಳ್ಳೆಯವೇ; ಆದರೆ ಅವು ಸೋಂಕಿಗೆ ಔಷಧವಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಯೋನಿಯ ಒಳಭಾಗವನ್ನು ಸಾಬೂನು ಅಥವಾ ಕ್ರಿಮಿನಾಶಕ ದ್ರಾವಣದಿಂದ ತೊಳೆಯಬಾರದು. ಅದರಿಂದ ಉಳಿದಿರುವ ಹಿತಕರ ಬ್ಯಾಕ್ಟೀರಿಯಗಳೂ ನಾಶವಾಗುತ್ತವೆ. ಮಲಬದ್ಧತೆಯಾಗದಂತೆ ಸೊಪ್ಪು, ತರಕಾರಿ, ಹಣ್ಣುಗಳನ್ನು ಸೇವಿಸಬೇಕು. ಲೈಂಗಿಕ ಸಂಪರ್ಕದ ನಂತರ ಮೂತ್ರ ವಿಸರ್ಜಿಸುವುದು ಒಳ್ಳೆಯದು.

ವೈದ್ಯರೊಡನೆ ಮಾತು

ಊರು ಬಿಟ್ಟು ಬಂದ ಮಹಿಳೆಗೆ ಇಂತಹ ಬಾಧೆಯನ್ನು ಬೇರೆ ಭಾಷೆಯಲ್ಲಿ ವಿವರಿಸುವುದು ಕಷ್ಟ. ಮಗನನ್ನೋ ಸೊಸೆಯನ್ನೋ ಮುಂದಿಟ್ಟುಕೊಂಡು ಹೇಳಲು ಸಂಕೋಚ. ಆದರೆ ಇಷ್ಟು ತಿಳಿದಿದ್ದರೆ ಮಾತು ಆರಂಭಿಸಬಹುದು: ಉರಿಮೂತ್ರಕ್ಕೆ ಹಿಂದಿಯಲ್ಲಿ 'ಪೇಶಾಬ್ ಮೇ ಜಲನ್', ಮರಾಠಿಯಲ್ಲಿ 'ಲಘವೀಲಾ ಜಳಜಳ', ತೆಲುಗಿನಲ್ಲಿ 'ಮೂತ್ರಂಲೋ ಮಂಟ', ತಮಿಳಿನಲ್ಲಿ 'ನೀರ್ಕಡುಪ್ಪು' ಎನ್ನುತ್ತಾರೆ. ಸೋಂಕು ಬಂದ ದಿನಾಂಕ, ತೆಗೆದುಕೊಂಡ ಮಾತ್ರೆಯ ಹೆಸರು, ಮುಟ್ಟು ನಿಂತ ವರ್ಷ, ಇವನ್ನು ಒಂದು ಪುಸ್ತಕದಲ್ಲಿ ಬರೆದು, ಹಳೆಯ ಪರೀಕ್ಷಾ ವರದಿಗಳೊಡನೆ ಒಯ್ದರೆ ವೈದ್ಯರಿಗೆ ಬಹಳ ಅನುಕೂಲ.

ತಡಮಾಡಬಾರದ ಸಂದರ್ಭಗಳು

ಚಳಿ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಚಿಕಿತ್ಸೆಯ ನಂತರವೂ ರಕ್ತ ಉಳಿದರೆ, ಅಥವಾ ಋತುಬಂಧವಾದ ಮೇಲೆ ಯೋನಿಯಿಂದ ರಕ್ತಸ್ರಾವವಾದರೆ ಅದು ಕ್ಯಾನ್ಸರ್‌ನ ಸೂಚನೆಯೂ ಆಗಿರಬಹುದಾದ್ದರಿಂದ ಕೂಡಲೇ ತಪಾಸಣೆ ಮಾಡಿಸಬೇಕು.

ಋತುಬಂಧವು ರೋಗವಲ್ಲ, ಅದರೊಡನೆ ಬರುವ ಉರಿಮೂತ್ರವು ಸಹಿಸಿಕೊಂಡೇ ಇರಬೇಕಾದ ಕಷ್ಟವೂ ಅಲ್ಲ. ಮನೆಯವರು ಇದನ್ನು ವಯಸ್ಸಿನ ತೊಂದರೆಯೆಂದು ಕಡೆಗಣಿಸದೆ, ಸಕಾಲದಲ್ಲಿ ಪರೀಕ್ಷೆ ಮಾಡಿಸಿ, ಸೂಕ್ತ ಚಿಕಿತ್ಸೆ ಕೊಡಿಸುವುದು ಅವರ ಕರ್ತವ್ಯ.