ಹಿತ್ತಿಲ ಹೂಗಳಲ್ಲಿ ಭಾಷೆಯ ಚರಿತ್ರೆ

ಧ್ವನಿಪರಿವರ್ತನೆ, ತದ್ಭವ, ಅನ್ಯದೇಶ್ಯ ಮುಂತಾದ ಪರಿಭಾಷೆಗಳನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪುಸ್ತಕದ ಪಟ್ಟಿಗಳಿಂದ ಕಲಿಯುತ್ತಾರೆ. ರಾಯದುರ್ಗ, ಮಡಕಶಿರಾ ಸೀಮೆಯ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪಠ್ಯವೊಂದಿದೆ. ಅದು ಮನೆಯ ಹಿತ್ತಿಲು. ಚೈತ್ರದಲ್ಲಿ ಅಲ್ಲಿ ಮಲ್ಲಿಗೆ ಅರಳುತ್ತದೆ, ಬೇವು ಹೂಬಿಡುತ್ತದೆ, ನೀರುಣಿಸಿದ ಗುಲಾಬಿಯೂ ನಗುತ್ತದೆ. ಒಂದೇ ಹೂವಿಗೆ ಒಂದು ಮನೆಯಲ್ಲಿ ಕನ್ನಡದ ಹೆಸರು, ಪಕ್ಕದ ಮನೆಯಲ್ಲಿ ತೆಲುಗಿನ ಹೆಸರು ಕೇಳಿಬರುತ್ತದೆ.

ಈ ದ್ವಿಭಾಷಿಕತೆಯ ಹಿಂದೆ ದೀರ್ಘ ಇತಿಹಾಸವಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಆಡಳಿತದ ಗಡಿಗಳು ಬದಲಾದರೂ ಹೂವಿನ ಹೆಸರುಗಳು ಜನರ ನಾಲಗೆಯ ಮೇಲೆ ಉಳಿದವು.

1. ಹೂವು ಮತ್ತು ಬೇವು

ಕನ್ನಡದ ‘ಹೂವು’ ತೆಲುಗಿನಲ್ಲಿ ‘ಪುವ್ವು’. ಹಳಗನ್ನಡದ ‘ಪೂ’ ಎಂಬ ರೂಪವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪದಾದಿಯ ಪಕಾರವು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಹಕಾರವಾಗುತ್ತ ಬಂದಿತು. ತೆಲುಗಿನಲ್ಲಿ ಹಾಗೆಯೇ ಉಳಿಯಿತು. ಹಾಲು–ಪಾಲು, ಹುಲಿ–ಪುಲಿ ಎಂಬ ಜೋಡಿಗಳೂ ಇಂಥವೇ. ಇದಕ್ಕೆ ಸಾಕ್ಷಿ ನಮ್ಮ ಊರ ಹೆಸರಿನಲ್ಲಿಯೂ ಇದೆ. ನೊಳಂಬರ ರಾಜಧಾನಿಯಾಗಿದ್ದ ಇಂದಿನ ಹೇಮಾವತಿಯು ಶಾಸನಗಳಲ್ಲಿ ‘ಪೆಂಜೇರು’ ಎಂದೂ ‘ಹೆಂಜೇರು’ ಎಂದೂ ಕಾಣಿಸಿಕೊಳ್ಳುತ್ತದೆ.

ಬೇವಿನದು ಇನ್ನೊಂದು ಪಾಠ. ತಮಿಳಿನ ‘ವೇಂಬು’, ತೆಲುಗಿನ ‘ವೇಪ’ ಇವುಗಳ ಆದಿಯ ವಕಾರವು ಕನ್ನಡದಲ್ಲಿ ಬಕಾರವಾಗಿದೆ. ‘ವೇರು’ ‘ಬೇರು’ ಆದದ್ದೂ ಹೀಗೆಯೇ. ಪ–ಹ ಪರಿವರ್ತನೆಯನ್ನು ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಕಾಣಬಹುದು. ವ–ಬ ಪರಿವರ್ತನೆಯಾದರೋ ಅದಕ್ಕಿಂತ ಬಹಳ ಹಳೆಯದು. ಯುಗಾದಿಯ ದಿನ ಬೇವಿನ ಹೂ ಬಿಡಿಸುವವರ ಮಾತಿನಲ್ಲಿ ಇವೆರಡೂ ಒಟ್ಟಿಗೆ ಕೇಳಿಸುತ್ತವೆ.

2. ಮಲ್ಲಿಗೆಯ ಬಳಗ

ಮಲ್ಲಿಕಾ–ಮಲ್ಲಿಗೆ, ಸೇವಂತಿಕಾ–ಸೇವಂತಿಗೆ, ಚಂಪಕ–ಸಂಪಗೆ, ಜಾತಿ–ಜಾಜಿ ಇವು ತದ್ಭವದ ಪರಿಚಿತ ನಿದರ್ಶನಗಳು. ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣವನ್ನು ಇಂತಹ ಪದಗಳಿಗಾಗಿಯೇ ಮೀಸಲಿಟ್ಟಿದ್ದಾನೆ. ಕಕಾರ ಗಕಾರವಾಗುವುದು, ಕಡೆಯ ಆಕಾರ ಎಕಾರವಾಗುವುದು, ಚಕಾರ ಸಕಾರವಾಗುವುದು ಇಲ್ಲಿ ಸ್ಪಷ್ಟವಾಗಿವೆ. ಪಂಪನು ಬನವಾಸಿಯನ್ನು ಬಣ್ಣಿಸುವಾಗ ನೆನೆಯುವುದು ಮಾವು, ಜಾತಿ, ಸಂಪಗೆ, ಮಲ್ಲಿಗೆಗಳನ್ನು. ಅಲ್ಲಿ ಗುಲಾಬಿಯ ಹೆಸರಿಲ್ಲ.

3. ಗುಲಾಬಿ ಮತ್ತು ಚೆಂಡುಹೂ

ಪಾರಸಿಯಲ್ಲಿ ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ‘ಗುಲಾಬ್’ ಎಂದರೆ ಹೂವಿನಿಂದ ಇಳಿಸಿದ ಸುಗಂಧಜಲ. ಆ ಜಲದ ಹೆಸರೇ ಭಾರತೀಯ ಭಾಷೆಗಳಲ್ಲಿ ಹೂವಿಗೆ ನಿಂತಿತು. ಇತ್ತ ಆ ನೀರಿಗೆ ನಾವು ‘ಪನ್ನೀರು’ ಎನ್ನುತ್ತೇವೆ. ಇದನ್ನು ‘ಪನಿ+ನೀರ್’ ಎಂದು ಬಿಡಿಸುವುದುಂಟು. ಬಿಡಿಪದವಾಗಿ ‘ಪನಿ’ಯು ‘ಹನಿ’ಯಾಗಿದ್ದರೂ ಈ ಸಮಾಸದೊಳಗೆ ಹಳೆಯ ಪಕಾರ ಉಳಿದುಕೊಂಡಿದೆ. ಹೀಗೆ ನೀರಿನ ಹೆಸರು ಹೂವಿಗಾಯಿತು, ನೀರಿಗೆ ದೇಶ್ಯ ಪದವೇ ಉಳಿಯಿತು.

ಅಮೆರಿಕ ಖಂಡದಿಂದ ಬಂದ ಚೆಂಡುಹೂವಿನ ಕಥೆ ಬೇರೆ. ಅದು ಹೊರಗಿನ ಹೆಸರನ್ನು ತರಲಿಲ್ಲ. ಕನ್ನಡಿಗರು ದುಂಡನೆಯ ಆಕಾರವನ್ನು ಕಂಡು ‘ಚೆಂಡುಹೂ’ ಎಂದರು. ತೆಲುಗರು ‘ಬಂತಿ’ ಎಂದರು. ‘ಬಂತಿ’ಗೂ ಚೆಂಡೆಂದೇ ಅರ್ಥ. ಹೊಸ ವಸ್ತುವನ್ನು ಭಾಷೆ ಬರಮಾಡಿಕೊಳ್ಳುವ ಎರಡು ಬಗೆಗಳು, ಎಂದರೆ ಎರವಲು ಮತ್ತು ಸ್ವಂತ ಪದರಚನೆ, ಒಂದೇ ಹಿತ್ತಿಲಲ್ಲಿ ಹೀಗೆ ಅಕ್ಕಪಕ್ಕ ಬೆಳೆದಿವೆ.

4. ಎಚ್ಚರಿಕೆಯ ಮಾತು

ರೂಪ ಒಂದೇ ಆದಮಾತ್ರಕ್ಕೆ ಅರ್ಥ ಒಂದೇ ಆಗಬೇಕಿಲ್ಲ. ತೆಲುಗಿನಲ್ಲಿ ‘ಮಂದಾರಂ’ ಎಂದರೆ ನಮ್ಮ ದಾಸವಾಳ. ಕನ್ನಡ ಕಾವ್ಯದ ‘ಮಂದಾರ’ವಾದರೋ ದೇವಲೋಕದ ಐದು ವೃಕ್ಷಗಳಲ್ಲಿ ಒಂದು. ಮನೆಯ ಅರ್ಥವನ್ನೇ ಕಾವ್ಯಕ್ಕೆ ಹಚ್ಚಿದರೆ ಇಂದ್ರನ ನಂದನವನದಲ್ಲಿ ದಾಸವಾಳ ಅರಳೀತು.

ಗಡಿನಾಡಿನಲ್ಲಿ ಕನ್ನಡವು ಶಾಲೆಯ ಪುಸ್ತಕದಲ್ಲಿರುವಷ್ಟೇ ಹಿತ್ತಿಲಿನಲ್ಲಿಯೂ ಬದುಕಿದೆ. ಗುಲಾಬಿಯು ‘ರೋಸ್’ ಆಗುತ್ತಿರುವಾಗ ಮರೆಯಾಗುವುದು ಒಂದು ಪದ ಮಾತ್ರವಲ್ಲ; ಪಾರಸಿಯಿಂದ ಕನ್ನಡದವರೆಗಿನ ದಾರಿಯ ಗುರುತೂ ಮಾಸುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ವಿದ್ಯಾರ್ಥಿಗೆ ಇರುವ ಅನುಕೂಲ ದೊಡ್ಡದು. ಇತರರು ಕೋಶದಲ್ಲಿ ಹುಡುಕಬೇಕಾದುದನ್ನು ಅವನು ಕಿವಿಯಿಂದಲೇ ಹೋಲಿಸಬಲ್ಲನು.

ಅಭ್ಯಾಸ

1. ನಿಮ್ಮ ಮನೆಯ ಹಿರಿಯರನ್ನು ಕೇಳಿ ಹತ್ತು ಹೂಗಳ ಕನ್ನಡ ಮತ್ತು ತೆಲುಗು ಹೆಸರುಗಳನ್ನು ಪಟ್ಟಿಮಾಡಿರಿ.
2. ಅವುಗಳನ್ನು ದೇಶ್ಯ, ತದ್ಭವ, ಅನ್ಯದೇಶ್ಯ ಎಂದು ವಿಂಗಡಿಸಿ ಕಾರಣ ಕೊಡಿರಿ.
3. ಪ–ಹ, ವ–ಬ ಪರಿವರ್ತನೆಗಳಿಗೆ ಹೂವಿನಾಚೆಯ ಎರಡೆರಡು ನಿದರ್ಶನಗಳನ್ನು ಬರೆಯಿರಿ.